ಮಂಜುಗಡ್ಡೆಯ ಅಂಗಳದಲ್ಲಿ ಒಂದು ಪಾಲು

ಹಾಕಿ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಕೊಡಗು. ಹಸುರು ಬಯಲು, ಬಾಗಿದ ಕೋಲು, ಉರುಳುವ ಬಿಳಿಯ ಚೆಂಡು, ಬಯಲಿನ ಸುತ್ತ ನೆರೆದ ಬಂಧುಬಳಗ. 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಗಂಡಸರೊಡನೆ ಹೆಂಗಸರೂ ಒಂದೇ ತಂಡದಲ್ಲಿ ನಿಂತು ಆಡುವುದುಂಟು. ಆದರೆ ಈಗ ಹೇಳಹೊರಟಿರುವುದು ಆ ಹಾಕಿಯನ್ನು ಕುರಿತಲ್ಲ. ಭೂಮಿಯ ಉತ್ತರ ಭಾಗದಲ್ಲಿ, ಚಳಿಗಾಲ ಬಂತೆಂದರೆ ಕೆರೆ ನದಿಗಳು ಕಲ್ಲಿನಂತೆ ಹೆಪ್ಪುಗಟ್ಟುವ ನಾಡುಗಳಲ್ಲಿ, ನೀರಿನ ಮೇಲೆಯೇ ನಿಂತು ಆಡುವ ಇನ್ನೊಂದು ಹಾಕಿಯಿದೆ. ಅದಕ್ಕೆ ಐಸ್ ಹಾಕಿ ಎಂದು ಹೆಸರು. ನಮ್ಮ ದೇಶದಲ್ಲಿ ಕ್ರಿಕೆಟ್ಟಿಗೆ ಯಾವ ಸ್ಥಾನವಿದೆಯೋ ಕೆನಡಾ ದೇಶದಲ್ಲಿ ಈ ಆಟಕ್ಕೆ ಆ ಸ್ಥಾನವಿದೆ. ಅಲ್ಲಿನ ಹೆಣ್ಣುಮಕ್ಕಳು ಈ ಆಟದಲ್ಲಿ ತಮಗೊಂದು ಪಾಲನ್ನು ಪಡೆಯಲು ನೂರು ವರ್ಷಕ್ಕೂ ಮೀರಿ ಹೆಣಗಿದ ಕಥೆ, ಮಂಜನ್ನೇ ಕಾಣದ ನಮಗೂ ತಿಳಿದಿರತಕ್ಕದ್ದೆಂದು ನನ್ನ ಭಾವನೆ.

ಮೊದಲು ಆಟದ ಪರಿಚಯವಾಗಲಿ. ಅಂಗಳದ ಉದ್ದ ಸುಮಾರು 60 ಮೀಟರು, ಅಗಲ 26ರಿಂದ 30 ಮೀಟರು. ಸುತ್ತಲೂ ಎದೆಮಟ್ಟದ ಹಲಗೆಯ ಗೋಡೆ. ಈ ಅಂಗಳವನ್ನು ರಿಂಕ್ ಎನ್ನುತ್ತಾರೆ. ಪ್ರತಿ ತಂಡದಿಂದ ಏಕಕಾಲಕ್ಕೆ ಆರು ಮಂದಿ ಆಡುತ್ತಾರೆ. ಅವರಲ್ಲೊಬ್ಬರು ಗೋಲನ್ನು ಕಾಯುವವರು. ಕಾಲಿಗೆ ಉಕ್ಕಿನ ಅಲಗುಳ್ಳ ಪಾದರಕ್ಷೆ, ಅಂದರೆ ಸ್ಕೇಟು. ಚೆಂಡಿನ ಬದಲು ಗಟ್ಟಿ ರಬ್ಬರಿನ ಕಪ್ಪು ಬಿಲ್ಲೆ; ಅದಕ್ಕೆ ಪಕ್ ಎಂದು ಹೆಸರು. ಒಂದು ಅಂಗುಲ ದಪ್ಪ, ಮೂರು ಅಂಗುಲ ಅಡ್ಡಳತೆ, ತೂಕ 160 ಗ್ರಾಮಿನ ಆಸುಪಾಸು. ನೋಡಲು ಪುಟ್ಟದು, ಆದರೆ ಅದು ಬರುವ ವೇಗ ಮೂಳೆಯನ್ನು ಮುರಿಯಬಲ್ಲುದು. ಆದುದರಿಂದ ತಲೆಗೆ ಶಿರಸ್ತ್ರಾಣ, ಮುಖಕ್ಕೆ ಜಾಲರಿ, ಭುಜ ಮೊಣಕೈ ಮೊಣಕಾಲುಗಳಿಗೆ ಕವಚ. ಇಪ್ಪತ್ತು ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಪಂದ್ಯ ನಡೆಯುತ್ತದೆ. ಓಟದ ಬಿರುಸು ಎಷ್ಟೆಂದರೆ ಆಟಗಾರರು ಒಂದು ನಿಮಿಷವೂ ತುಂಬುವ ಮೊದಲೇ ಹೊರಬಂದು ಬೆಂಚಿನ ಮೇಲೆ ಕುಳಿತು ಉಸಿರು ತೆಗೆದುಕೊಳ್ಳುತ್ತಾರೆ. ಆಟ ನಿಲ್ಲುವುದಿಲ್ಲ, ಅವರ ಜಾಗಕ್ಕೆ ಬೇರೆಯವರು ಧುಮುಕುತ್ತಾರೆ. ಮಹಿಳೆಯರ ಆಟದಲ್ಲಿ ಎದುರಾಳಿಯನ್ನು ಮೈಯಿಂದ ಬಲವಾಗಿ ಗುದ್ದುವುದಕ್ಕೆ ಸಾಮಾನ್ಯವಾಗಿ ನಿರ್ಬಂಧವಿದೆ. ಉಳಿದಂತೆ ಎರಡೂ ಒಂದೇ ಆಟ.

ಇನ್ನು ಅಂಗಳದ ಮಾತು. ಹಿಂದೆ ಹೆಪ್ಪುಗಟ್ಟಿದ ಕೆರೆಯೇ ಅಂಗಳವಾಗಿತ್ತು. ಇಂದು ಕೆನಡಾದಲ್ಲಿಯೂ ಬಹುಪಾಲು ಪಂದ್ಯಗಳು ನಡೆಯುವುದು ಸೂರಿನ ಅಡಿಯ ಕೃತಕ ಅಂಗಳಗಳಲ್ಲಿ. ನೆಲದ ಒಳಗೆ ಸಾಲುಸಾಲಾಗಿ ಕೊಳವೆಗಳು. ಅವುಗಳಲ್ಲಿ ಯಂತ್ರದಿಂದ ತಣಿಸಿದ ಉಪ್ಪುನೀರು ಹರಿಯುತ್ತಿರುತ್ತದೆ. ಮೇಲೆ ಹರಡಿದ ನೀರು ಅದರ ಶೀತಕ್ಕೆ ಹೆಪ್ಪುಗಟ್ಟಿ, ಎರಡು ಮೂರು ಸೆಂಟಿಮೀಟರು ದಪ್ಪದ ಹಾಳೆಯಾಗುತ್ತದೆ. ಅರ್ಧ ಗಂಟೆಯ ಆಟಕ್ಕೆ ಅದರ ಮೈತುಂಬ ಗೀರು. ಆ ಗೀರುಗಳನ್ನು ಹೆರೆದು, ಮೇಲೆ ಬಿಸಿನೀರು ಸವರಿ, ಮತ್ತೆ ಕನ್ನಡಿಯಂತೆ ಮಾಡುವ ಯಂತ್ರವೊಂದನ್ನು ಅಮೆರಿಕದ ಫ್ರಾಂಕ್ ಜಾಂಬೋನಿ ಎಂಬಾತನು 1949ರಲ್ಲಿ ನಿರ್ಮಿಸಿದನು. ಬಿಸಿನೀರೇಕೆ ಎಂದು ನೀವು ಕೇಳಬಹುದು. ಬಿಸಿನೀರು ಮೇಲ್ಪದರವನ್ನು ತುಸು ಕರಗಿಸಿ ಅದರೊಡನೆ ಬೆರೆತು ಒಂದಾಗಿ ಹೆಪ್ಪುಗಟ್ಟುತ್ತದೆ. ಆಗ ಬಿರುಕು ಉಳಿಯುವುದಿಲ್ಲ. ಇಷ್ಟೆಲ್ಲ ಏರ್ಪಾಡಿಗೆ ತಗಲುವ ವಿದ್ಯುತ್ತಿನ ವೆಚ್ಚ ಅಪಾರ. ಆದುದರಿಂದ ಅಲ್ಲಿ ಮಂಜುಗಡ್ಡೆಯನ್ನು ಗಂಟೆಯ ಲೆಕ್ಕದಲ್ಲಿ ಹಂಚುತ್ತಾರೆ. ಸಂಜೆ ಐದರಿಂದ ಆರು ಒಂದು ತಂಡಕ್ಕೆ, ಆರರಿಂದ ಏಳು ಮತ್ತೊಂದಕ್ಕೆ. ಊರಿನ ಎಲ್ಲ ತಂಡಗಳೂ ಬಯಸುವುದು ಸಂಜೆಯ ಈ ನಾಲ್ಕೈದು ಗಂಟೆಗಳನ್ನೇ.

ಈ ವಿವರವನ್ನು ಇಷ್ಟು ದೂರ ಎಳೆದುದಕ್ಕೆ ಕಾರಣವಿದೆ. ಹೆಣ್ಣುಮಕ್ಕಳ ಆಟದ ಮಾತು ಬಂದಾಗಲೆಲ್ಲ ನಾವು ಅವರ ಸಾಮರ್ಥ್ಯವನ್ನು ಚರ್ಚಿಸತೊಡಗುತ್ತೇವೆ. ಅವರಿಗೆ ಬಲವುಂಟೆ? ಧೈರ್ಯವುಂಟೆ? ಪದಕ ತರಬಲ್ಲರೆ? ನನ್ನ ಎಣಿಕೆಯಲ್ಲಿ ಈ ಪ್ರಶ್ನೆಗಳೆಲ್ಲ ಎರಡನೆಯವು. ಅಂಗಳ ಎಷ್ಟು ಹೊತ್ತು ಅವರದು, ದಿನದ ಯಾವ ಹೊತ್ತು ಅವರದು ಎಂಬುದು ಮೊದಲನೆಯ ಪ್ರಶ್ನೆ. ಐಸ್ ಹಾಕಿಯ ಚರಿತ್ರೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಹೆಂಗಸರು ಈ ಆಟಕ್ಕೆ ಬಂದುದು ಇತ್ತೀಚೆಗೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. 1888ರಲ್ಲಿ ಲಾರ್ಡ್ ಸ್ಟ್ಯಾನ್ಲಿ ಎಂಬವರು ಬ್ರಿಟಿಷ್ ರಾಣಿಯ ಪ್ರತಿನಿಧಿಯಾಗಿ ಕೆನಡಾಕ್ಕೆ ಬಂದರು. ಅವರು 1892ರಲ್ಲಿ ಕೊಟ್ಟ ಬೆಳ್ಳಿಯ ಬಟ್ಟಲೇ ಇಂದಿಗೂ ಗಂಡಸರ ಐಸ್ ಹಾಕಿಯ ಅತ್ಯುಚ್ಚ ಪ್ರಶಸ್ತಿಯಾಗಿರುವ ಸ್ಟ್ಯಾನ್ಲಿ ಕಪ್. ಆ ಬಟ್ಟಲು ಹುಟ್ಟುವುದಕ್ಕೆ ಮೊದಲೇ ಅವರ ಮಗಳು ಇಸಬೆಲ್ ಆಟವಾಡುತ್ತಿದ್ದಳು. ಒಟ್ಟಾವಾ ನಗರದ ರಾಜಭವನದ ಹಿತ್ತಿಲಲ್ಲಿ ನೀರು ಹೊಯ್ದು ಮಾಡಿದ ಮಂಜಿನ ಅಂಗಳದಲ್ಲಿ, ಹಿಮ್ಮಡಿಯವರೆಗಿನ ಲಂಗ ತೊಟ್ಟ ಹೆಂಗಸರು ಕೋಲು ಹಿಡಿದು ನಿಂತಿರುವ ಛಾಯಾಚಿತ್ರ ಇಂದಿಗೂ ಉಳಿದಿದೆ. ಅದರಲ್ಲಿ ಬಿಳಿಯ ಉಡುಪಿನವಳು ಇಸಬೆಲ್. 1889ರಲ್ಲಿ ಆ ನಗರದಲ್ಲಿ ಎರಡು ಮಹಿಳಾ ತಂಡಗಳ ನಡುವೆ ಪಂದ್ಯ ನಡೆಯಿತು. ಗೋಲು ಕಾಯುವವಳು ಕುಕ್ಕರುಗಾಲಿನಲ್ಲಿ ಕುಳಿತು, ತನ್ನ ಉದ್ದನೆಯ ಲಂಗವನ್ನು ಹರಡಿ, ಅದರಿಂದಲೇ ಪಕ್ಕನ್ನು ತಡೆಯುತ್ತಿದ್ದಳೆಂದು ಹೇಳುತ್ತಾರೆ. ಅಡ್ಡಿಯಾಗಲೆಂದು ಹೊದಿಸಿದ ಬಟ್ಟೆ ಗುರಾಣಿಯಾದುದು ಸ್ವಾರಸ್ಯದ ಸಂಗತಿ.

ಮುಂದೆ 1931ರಲ್ಲಿ ಒಂಟಾರಿಯೊ ಪ್ರಾಂತದ ಪ್ರೆಸ್ಟನ್ ಎಂಬ ಪುಟ್ಟ ಊರಿನಲ್ಲಿ ರಿವ್ಯುಲೆಟ್ಸ್ ಎಂಬ ತಂಡ ಹುಟ್ಟಿತು. ಅದರ ಹುಡುಗಿಯರು ಬೇಸಗೆಯಲ್ಲಿ ಸಾಫ್ಟ್‌ಬಾಲ್ ಆಡುವವರು. ಚಳಿಗಾಲದಲ್ಲಿ ಮಾಡಲು ಕೆಲಸವಿಲ್ಲದೆ ಹಾಕಿ ಹಿಡಿದರು. ಹತ್ತು ವರ್ಷ ಅವರನ್ನು ಸೋಲಿಸುವುದು ಬಹು ಅಪರೂಪವಾಯಿತು. ಹಿಲ್ಡಾ ರ‍್ಯಾನ್ಸ್‌ಕೂಂಬ್ ಎಂಬ ಆಟಗಾರ್ತಿಯ ಹೆಸರು ಮನೆಮಾತಾಯಿತು. ಅನಂತರ ಎರಡನೆಯ ಮಹಾಯುದ್ಧ ಬಂತು, ಪ್ರಯಾಣ ದುಬಾರಿಯಾಯಿತು, ಹಣ ಕೊಡುವವರಿಲ್ಲದೆ 1940ರ ಸುಮಾರಿಗೆ ತಂಡ ಚದುರಿತು. ಸಾಮರ್ಥ್ಯವಿಲ್ಲದೆ ಅಳಿದ ತಂಡವಲ್ಲ ಅದು. ಯುದ್ಧ ಮುಗಿದ ಮೇಲೆ ಬಾಲಕರಿಗಾಗಿ ಊರೂರಲ್ಲಿ ಕೂಟಗಳು, ತರಬೇತುದಾರರು, ಹೊಸ ಅಂಗಳಗಳು ಎದ್ದುವು. ಹುಡುಗಿಯರಿಗೆ ಉಳಿದುದು ಬಹುಮಟ್ಟಿಗೆ ಪ್ರೇಕ್ಷಕರ ಸ್ಥಾನ. ಅರ್ಧ ಶತಮಾನದಲ್ಲಿ ಬೆಳೆದದ್ದು ಹತ್ತು ವರ್ಷದಲ್ಲಿ ಮರೆತೇಹೋಯಿತು.

ಎಷ್ಟರಮಟ್ಟಿಗೆ ಮರೆತುಹೋಯಿತು ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. 1955ರಲ್ಲಿ ಟೊರಾಂಟೊ ನಗರದಲ್ಲಿ ಅಬಿಗೇಲ್ ಹಾಫ್‌ಮನ್ ಎಂಬ ಎಂಟು ವರ್ಷದ ಹುಡುಗಿಯಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಆ್ಯಬಿ ಎನ್ನುತ್ತಿದ್ದರು. ಅಣ್ಣಂದಿರು ಹಾಕಿ ಆಡುವುದನ್ನು ಕಂಡು ಅವಳಿಗೂ ಆಡಬೇಕೆನಿಸಿತು. ಬಾಲಕಿಯರಿಗೆ ತಂಡವೇ ಇರಲಿಲ್ಲ. ಅವಳ ಕೂದಲು ಮೊಟುಕಾಗಿತ್ತು. ಬಾಲಕರ ಕೂಟದ ನೋಂದಣಿಯಲ್ಲಿ ‘ಆ್ಯಬ್ ಹಾಫ್‌ಮನ್’ ಎಂದು ಹೆಸರು ಬರೆಸಿದ್ದಾಯಿತು. ಯಾರಿಗೂ ಸಂದೇಹ ಬರಲಿಲ್ಲ. ಆ ಚಳಿಗಾಲವೆಲ್ಲ ಅವಳು ರಕ್ಷಣಾಪಂಕ್ತಿಯಲ್ಲಿ ಆಡಿದಳು. ಎಷ್ಟು ಚೆನ್ನಾಗಿ ಆಡಿದಳೆಂದರೆ ಕೂಟದ ಆಯ್ದ ಆಟಗಾರರ ತಂಡಕ್ಕೆ ಅವಳ ಹೆಸರು ಬಂತು. ಅಲ್ಲಿಯೇ ಕೆಟ್ಟಿತು. ಆಯ್ದ ತಂಡಕ್ಕೆ ಸೇರಲು ಜನನಪತ್ರ ಬೇಕು. 1956ರಲ್ಲಿ ಆ ಪತ್ರವನ್ನು ತೆಗೆದು ನೋಡಿದಾಗ ‘ಹೆಣ್ಣು’ ಎಂಬ ಪದ ಕಂಡಿತು. ಪತ್ರಿಕೆಗಳಲ್ಲಿ ಅವಳ ಭಾವಚಿತ್ರ ಬಂತು; ಜನ ಮೆಚ್ಚಿದರು, ಬೆನ್ನು ತಟ್ಟಿದರು. ಮೆಚ್ಚುಗೆಯೇನೋ ಬೇಕಾದಷ್ಟು ದೊರೆಯಿತು; ಆದರೆ ಮುಂದಿನ ವರ್ಷ ತಂಡದಲ್ಲಿ ಸ್ಥಾನ ದೊರೆಯಲಿಲ್ಲ. ತಂದೆತಾಯಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ತೀರ್ಪು ಅನುಕೂಲವಾಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಚಳಿಗಾಲದ ಮೊದಲ ದಿನದಿಂದ ಕಡೆಯ ದಿನದವರೆಗೆ ಅವಳ ಕೈಕಾಲು ಬದಲಾಗಲಿಲ್ಲ. ಅವಳ ಆಟ ಬದಲಾಗಲಿಲ್ಲ. ಅವಳೊಡನೆ ಆಡಿದ ಬಾಲಕರಿಗೆ ಯಾವ ತೊಂದರೆಯೂ ಆಗಿರಲಿಲ್ಲ. ಬದಲಾದುದು ಹಿರಿಯರಿಗೆ ಒಂದು ಕಾಗದದಿಂದ ದೊರೆತ ತಿಳಿವಳಿಕೆ ಮಾತ್ರ. ಹೆಣ್ಣುಮಕ್ಕಳಿಗೆ ಈ ಆಟ ಕೂಡದು ಎನ್ನುವವರ ವಾದವನ್ನು ಆ ಮಗು ತನಗರಿವಿಲ್ಲದೆಯೇ ಒಂದು ಚಳಿಗಾಲ ಪೂರ್ತಿ ಖಂಡಿಸಿತ್ತು. ಆ್ಯಬಿ ಮುಂದೆ ಓಟಗಾರ್ತಿಯಾದಳು. 1964ರಿಂದ 1976ರವರೆಗೆ ನಾಲ್ಕು ಒಲಿಂಪಿಕ್ ಕೂಟಗಳಲ್ಲಿ ಓಡಿದಳು. ಮಾಂಟ್ರಿಯಲ್ ಕೂಟದಲ್ಲಿ ತನ್ನ ದೇಶದ ಧ್ವಜವನ್ನು ಹಿಡಿದು ಮುಂದೆ ನಡೆದವಳು ಅವಳೇ. 1981ರಲ್ಲಿ ಆ ದೇಶದ ಸರ್ಕಾರದ ಕ್ರೀಡಾ ಇಲಾಖೆಗೆ ಮೊಟ್ಟಮೊದಲ ಮಹಿಳಾ ಮಹಾನಿರ್ದೇಶಕಿಯಾದಳು. 1982ರಲ್ಲಿ ಆರಂಭವಾದ ಮಹಿಳೆಯರ ರಾಷ್ಟ್ರೀಯ ಹಾಕಿ ಪಂದ್ಯಾವಳಿಯ ಪ್ರಶಸ್ತಿಗೆ ಆ್ಯಬಿ ಹಾಫ್‌ಮನ್ ಕಪ್ ಎಂದು ಹೆಸರಿಟ್ಟರು.

ಮೂವತ್ತು ವರ್ಷದ ಬಳಿಕ ಅದೇ ನಗರದಲ್ಲಿ ಇನ್ನೊಬ್ಬ ಬಾಲಿಕೆ ಅದೇ ಬಾಗಿಲನ್ನು ತಟ್ಟಿದಳು. ಅವಳ ಹೆಸರು ಜಸ್ಟಿನ್ ಬ್ಲೇನಿ; ವಯಸ್ಸು ಹನ್ನೆರಡು. ಆ ವೇಳೆಗೆ ಬಾಲಕಿಯರ ತಂಡಗಳು ಹುಟ್ಟಿದ್ದುವು; ಒಂಟಾರಿಯೊ ಪ್ರಾಂತದಲ್ಲಿ 1975ರಿಂದ ಮಹಿಳಾ ಹಾಕಿ ಸಂಘವೇ ಇತ್ತು. ಆದರೆ ಬಾಲಕರ ಕೂಟದಲ್ಲಿ ಪಂದ್ಯಗಳು ಹೆಚ್ಚು, ಅಭ್ಯಾಸದ ಹೊತ್ತು ಹೆಚ್ಚು. 1985ರಲ್ಲಿ ಅವಳು ಬಾಲಕರ ತಂಡವೊಂದಕ್ಕೆ ತನ್ನ ಆಟದ ಬಲದಿಂದಲೇ ಆಯ್ಕೆಯಾದಳು. ಈ ಸಲ ಕೂದಲು ಕತ್ತರಿಸಿಕೊಳ್ಳಲಿಲ್ಲ, ಹೆಸರು ಮರೆಸಲಿಲ್ಲ. ಹಾಕಿ ಸಂಘದ ನಿಯಮ ಅಡ್ಡಬಂತು. ಮಾನವ ಹಕ್ಕುಗಳ ಕಾನೂನಿನ ಮೊರೆಹೋದರೆ, ಆ ಕಾನೂನಿನಲ್ಲಿಯೇ ‘ಕ್ರೀಡೆಯಲ್ಲಿ ಲಿಂಗಭೇದ ಮಾಡಬಹುದು’ ಎಂಬ ಅರ್ಥದ ಒಂದು ವಿನಾಯಿತಿ ಅಡಗಿತ್ತು. 1986ರಲ್ಲಿ ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯವು ಆ ವಿನಾಯಿತಿಯು ಸಂವಿಧಾನದ ಸಮಾನತೆಗೆ ವಿರುದ್ಧವೆಂದು ಸಾರಿ ಅದನ್ನು ತೊಡೆದುಹಾಕಿತು. ಹನ್ನೆರಡು ವರ್ಷದ ಹುಡುಗಿಯೊಬ್ಬಳ ಆಟದ ಆಸೆ ಒಂದು ಪ್ರಾಂತದ ಕಾನೂನನ್ನೇ ತಿದ್ದಿತು.

ಈ ಕಥೆ ಇಷ್ಟು ಸರಳವಾಗಿದ್ದರೆ ಹೇಳುವುದೂ ಸುಲಭವಾಗುತ್ತಿತ್ತು. ಬ್ಲೇನಿಯನ್ನು ವಿರೋಧಿಸಿದವರು ಗಂಡಸರ ಸಂಘದವರು ಮಾತ್ರವಲ್ಲ; ಮಹಿಳಾ ಹಾಕಿ ಸಂಘದವರೂ ವಿರೋಧಿಸಿದರು! ಅವರದು ದ್ರೋಹವೆಂದು ಅವಸರದಿಂದ ಹೇಳಬೇಡಿ. ಅವರ ಅಂಜಿಕೆಯಲ್ಲಿ ಅರ್ಥವಿತ್ತು. ಚೆನ್ನಾಗಿ ಆಡುವ ಹುಡುಗಿಯರೆಲ್ಲ ಬಾಲಕರ ತಂಡಕ್ಕೆ ಹೊರಟುಹೋದರೆ, ವರ್ಷಗಟ್ಟಲೆ ಕಷ್ಟಪಟ್ಟು ಕಟ್ಟಿದ ಬಾಲಕಿಯರ ತಂಡಗಳಲ್ಲಿ ಉಳಿಯುವವರಾರು? ಇಂದು ಹುಡುಗಿಗೆ ಬಾಲಕರ ತಂಡದ ಬಾಗಿಲು ತೆರೆದರೆ, ನಾಳೆ ಹುಡುಗರೂ ಬಾಲಕಿಯರ ತಂಡಕ್ಕೆ ನುಗ್ಗಿದರೆ ಗತಿಯೇನು? ನಾನು ಈ ವ್ಯಾಜ್ಯವನ್ನು ಕುರಿತು ಹಲವು ಸಲ ಯೋಚಿಸಿದ್ದೇನೆ. ನನ್ನ ಮನಸ್ಸು ಬ್ಲೇನಿಯ ಕಡೆಗೇ ವಾಲುತ್ತದೆ. ಒಂದು ಸಮುದಾಯದ ಏಳಿಗೆಗಾಗಿ ಒಂದು ಮಗುವನ್ನು ಹೊಸ್ತಿಲಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಹಾಗೆಂದು ಆ ಸಂಘದ ಹಿರಿಯ ಮಹಿಳೆಯರನ್ನು ನಿಂದಿಸಲೂ ಬಾಯಿ ಬರುವುದಿಲ್ಲ. ಎರಡು ಕಡೆಯವರೂ ಕೇಳುತ್ತಿದ್ದುದು ಒಂದನ್ನೇ: ಹುಡುಗಿಯರು ಆಡಬೇಕು. ಬಾಲಕಿಯರ ತಂಡಕ್ಕೂ ಬಾಲಕರ ತಂಡದಷ್ಟೇ ಪಂದ್ಯಗಳು, ಅಷ್ಟೇ ಅಭ್ಯಾಸದ ಹೊತ್ತು ಇದ್ದಿದ್ದರೆ ಆ ಹುಡುಗಿ ನ್ಯಾಯಾಲಯಕ್ಕೆ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲವೇನೋ. ಅಂಗಳವನ್ನು ಸಮನಾಗಿ ಹಂಚದೆ ಇದ್ದಾಗ, ಅನ್ಯಾಯಕ್ಕೆ ಒಳಗಾದವರೇ ತಮ್ಮತಮ್ಮಲ್ಲಿ ಕಾದಾಡುತ್ತಾರೆ. ಆ ಮಹಿಳಾ ಸಂಘದವರು ಸುಮ್ಮನೆಯೂ ಕೂರಲಿಲ್ಲ. 1987ರಲ್ಲಿ ಟೊರಾಂಟೊ ಪ್ರದೇಶದಲ್ಲಿ ಹಲವು ದೇಶಗಳ ಮಹಿಳಾ ತಂಡಗಳನ್ನು ಕರೆಸಿ ಪಂದ್ಯಾವಳಿ ನಡೆಸಿದರು. ಅದರ ಫಲವಾಗಿ 1990ರಲ್ಲಿ ಒಟ್ಟಾವಾದಲ್ಲಿ ಮೊದಲ ಅಧಿಕೃತ ವಿಶ್ವಚಾಂಪಿಯನ್‌ಷಿಪ್, 1998ರಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸಿನಲ್ಲಿ ಪ್ರವೇಶ. ನಗಾನೊದಲ್ಲಿ ಅಮೆರಿಕದ ತಂಡ ಕೆನಡಾವನ್ನು ಸೋಲಿಸಿ ಚಿನ್ನ ಗೆದ್ದಿತೆಂಬುದು ಕೆನಡಾದವರಿಗೆ ಇಂದಿಗೂ ಕಹಿ ನೆನಪು.

1990ರ ಸುಮಾರಿಗೆ ಕೆನಡಾದಲ್ಲಿ ನೋಂದಾಯಿತರಾದ ಹುಡುಗಿಯರು ಮತ್ತು ಮಹಿಳೆಯರ ಸಂಖ್ಯೆ ಎಂಟು ಸಾವಿರದಷ್ಟು. ಇಂದು ಅದು ಒಂದು ಲಕ್ಷವನ್ನು ಮೀರಿದೆ. ಇವರಲ್ಲಿ ಒಲಿಂಪಿಕ್ಸಿಗೆ ಹೋಗುವವರು ಬೆರಳೆಣಿಕೆಯಷ್ಟು ಮಂದಿ; ಮಿಕ್ಕವರೆಲ್ಲ ಹವ್ಯಾಸಕ್ಕಾಗಿ ಆಡುವವರು. ಸಂಖ್ಯೆ ಬೆಳೆಯಿತು, ಆದರೆ ಮಂಜುಗಡ್ಡೆಯ ಗಂಟೆಗಳು ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ. 2009ರಲ್ಲಿ ಟೊರಾಂಟೊ ನಗರದಲ್ಲಿ ಇದೇ ದೊಡ್ಡ ವಿವಾದವಾಯಿತು. ನಗರದ ಹಣದಿಂದ ನಡೆಯುವ ಅಂಗಳಗಳಲ್ಲಿ ಬಾಲಕಿಯರ ತಂಡಗಳಿಗೆ ತಕ್ಕ ಪಾಲು ಸಿಗುತ್ತಿಲ್ಲ. ದೂರದ ಊರುಗಳಲ್ಲಿ ಹೆಚ್ಚಿನ ಹಣ ತೆತ್ತು ಆಡಬೇಕಾಗಿದೆ ಎಂದು ಹೆತ್ತವರು ದೂರಿದರು. ಅದಕ್ಕೆ ಬಂದ ಉತ್ತರವನ್ನು ಗಮನಿಸಬೇಕು. ಯಾರೂ ‘ಹುಡುಗಿಯರು ಆಡಕೂಡದು’ ಎನ್ನಲಿಲ್ಲ. ಆ ಕಾಲ ಹೋಗಿತ್ತು. ‘ಈ ಗಂಟೆಗಳು ಮೊದಲಿನಿಂದಲೂ ಬಾಲಕರ ಸಂಘಕ್ಕೆ ಸಲ್ಲುತ್ತ ಬಂದಿವೆ’ ಎಂಬುದೇ ಉತ್ತರವಾಗಿತ್ತು. ಮೊದಲು ಬಂದವರು ಹಿಡಿದ ಹೊತ್ತು ಅವರಿಗೇ ಮೀಸಲು. ತಡವಾಗಿ ಬಂದವರಿಗೆ ಮುಂಜಾನೆ ಆರು ಗಂಟೆಯೋ ರಾತ್ರಿ ಹತ್ತು ಗಂಟೆಯೋ. ತಡವಾಗಿ ಬಂದುದು ಏತಕ್ಕೆ ಎಂದು ಕೇಳುವವರಿಲ್ಲ. ಬಾಗಿಲು ಹಾಕಿಕೊಂಡಿದ್ದವರೇ ತಡವಾಯಿತೆಂದು ಆಕ್ಷೇಪಿಸುವುದು ಎಲ್ಲಿಯ ನ್ಯಾಯ?

ಹೀಗೆ ಬರೆಯುವಾಗ ನನಗೆ ನನ್ನದೇ ನೆನಪೊಂದು ಚುಚ್ಚುತ್ತದೆ. ನಾನು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಆಟದ ಅವಧಿಯ ವೇಳಾಪಟ್ಟಿ ಬರೆಯುವ ಹೊಣೆ ಕೆಲವು ವರ್ಷ ನನ್ನದಾಗಿತ್ತು. ಶಾಲೆಗೆ ಇದ್ದುದು ಒಂದೇ ಬಯಲು. ಅದನ್ನು ಬಾಲಕರಿಗೆ ಬರೆದು, ಬಾಲಕಿಯರಿಗೆ ಕಟ್ಟಡದ ಮಗ್ಗುಲಲ್ಲಿ ಟೆನಿಕಾಯ್ಟ್ ಬಳೆಯ ಆಟಕ್ಕೆಂದು ಒಂದು ಓಣಿಯಂಥ ಜಾಗವನ್ನು ತೋರಿಸುತ್ತಿದ್ದೆ. ಯಾರ ಮೇಲೂ ದ್ವೇಷದಿಂದ ಮಾಡಿದ್ದಲ್ಲ. ಹಿಂದಿನವರು ಹಾಗೆ ಬರೆದಿದ್ದರು, ನಾನೂ ಹಾಗೆಯೇ ಬರೆದೆ. ಒಂದು ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಂದು, ‘ಸೋಮವಾರ ಒಂದು ದಿನ ಬಯಲು ನಮಗೆ ಬರುತ್ತದೆಯೇ?’ ಎಂದು ಕೇಳಿದಳು. ‘ಬಯಲಿನಲ್ಲಿ ನೀವು ಏನು ಆಡುತ್ತೀರಿ?’ ಎಂದು ಕೇಳಿ ನಕ್ಕುಬಿಟ್ಟೆ. ಅವಳಿಗೆ ಉತ್ತರ ತೋಚಲಿಲ್ಲ. ತೋಚುವುದು ಹೇಗೆ? ಬಯಲಿನ ಆಟವೊಂದನ್ನೂ ಅವಳಿಗೆ ನಾವು ಕಲಿಸಿರಲಿಲ್ಲ. ಮೊದಲು ಬಯಲು, ಆಮೇಲೆ ಆಟ ಎಂಬ ಕ್ರಮ ಅಂದು ನನಗೆ ಹೊಳೆಯಲಿಲ್ಲ.

ಈ ಕ್ರಮವನ್ನು ನಮ್ಮ ದೇಶದಲ್ಲಿಯೇ ತೋರಿಸಿಕೊಟ್ಟವರು ಲಡಾಖಿನ ಹುಡುಗಿಯರು. ಭಾರತದಲ್ಲಿ ಐಸ್ ಹಾಕಿ ಉಂಟೆಂಬುದೇ ನಮ್ಮಲ್ಲಿ ಅನೇಕರಿಗೆ ತಿಳಿಯದು. ಸಮುದ್ರಮಟ್ಟದಿಂದ ಸುಮಾರು 3,500 ಮೀಟರು ಎತ್ತರದಲ್ಲಿರುವ ಲೇಹ್ ಪಟ್ಟಣದಲ್ಲಿ ಡಿಸೆಂಬರ್ ಬಂತೆಂದರೆ ಕೊಳಗಳು ಹೆಪ್ಪುಗಟ್ಟುತ್ತವೆ. ರಾತ್ರಿಯ ಶೀತ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವುದುಂಟು. ರಾತ್ರಿ ನೀರು ಹೊಯ್ದು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅಂಗಳ ಸಿದ್ಧ; ಜಾಂಬೋನಿಯ ಯಂತ್ರ ಬೇಡ. ಸೈನಿಕರ ಬೂಟಿಗೆ ಕಬ್ಬಿಣದ ಅಲಗು ಬಡಿದು ಸ್ಕೇಟು ಮಾಡಿಕೊಂಡ ಕಾಲವೊಂದಿತ್ತು. ಗೋಲು ಕಾಯುವವರು ಕ್ರಿಕೆಟ್ಟಿನ ಪ್ಯಾಡು ಕಟ್ಟಿಕೊಳ್ಳುತ್ತಿದ್ದರು. ಆದರೆ ಈ ಅಂಗಳದ ಆಯುಸ್ಸು ಎರಡು ತಿಂಗಳು. ಬಿಸಿಲೇರಿದರೆ ಮೇಲ್ಮೈ ಮೆತ್ತಗಾಗುತ್ತದೆ. ಹೀಗಾಗಿ ಒಳ್ಳೆಯ ಹೊತ್ತು ಗಂಡಸರ ತಂಡಗಳ ಪಾಲಾದರೆ ಹುಡುಗಿಯರಿಗೆ ಉಳಿಯುವುದು ಮೆತ್ತನೆಯ ಮಂಜು. ಲೇಹ್ ಸಮೀಪದ ಫೇ ಗ್ರಾಮದ ಬಳಿ ಸೆಕ್ಮಾಲ್ ಎಂಬ ವಿದ್ಯಾಸಂಸ್ಥೆಯ ವಸತಿಶಾಲೆಯಿದೆ. ಅಲ್ಲಿ ಹುಡುಗಿಯರಿಗೂ ಹಾಕಿಯ ಅಂಗಳ ದೊರೆಯಿತು. ಅಲ್ಲಿಂದ, ಲೇಹ್ ಪಟ್ಟಣದ ಕೊಳಗಳಿಂದ, ಸುತ್ತಲಿನ ಹಳ್ಳಿಗಳಿಂದ ಬಂದ ಹುಡುಗಿಯರೇ ಬಹುಮಟ್ಟಿಗೆ ಭಾರತದ ಮಹಿಳಾ ತಂಡವಾದರು.

2016ರಲ್ಲಿ ಈ ತಂಡ ಮೊದಲ ಬಾರಿಗೆ ಏಷ್ಯಾದ ಪಂದ್ಯಾವಳಿಯೊಂದಕ್ಕೆ ಹೊರಟಿತು. ತೈವಾನಿನ ತೈಪೆ ನಗರಕ್ಕೆ. ಪ್ರಯಾಣದ ಹಣಕ್ಕಾಗಿ ಜನರಿಂದ ವಂತಿಗೆ ಎತ್ತಬೇಕಾಯಿತು. ಅಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪೀನ್ಸ್ ತಂಡವನ್ನು 4-3ರಿಂದ ಸೋಲಿಸಿ ಮೊದಲ ಗೆಲುವು ಕಂಡರು. ಇದನ್ನು ಕೇಳಿದ ಕೆನಡಾದ ಹೇಲಿ ವಿಕೆನ್‌ಹೈಸರ್ ಎಂಬ ಹೆಸರಾಂತ ಆಟಗಾರ್ತಿ, ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವಳು, 2018ರ ಜನವರಿಯಲ್ಲಿ ಆಟದ ಸಾಮಗ್ರಿಗಳನ್ನು ಹೊತ್ತು ಲಡಾಖಿಗೆ ಬಂದು ಅವರೊಡನೆ ಆಡಿದಳು. 2025ರಲ್ಲಿ ಅರಬ್ ಎಮಿರೇಟ್ಸಿನ ಅಲ್ ಐನ್ ನಗರದಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ಭಾರತದ ತಂಡ ಕಂಚಿನ ಪದಕ ಪಡೆಯಿತು. ಪದಕ ಬಂದ ಮೇಲೆ ಎಲ್ಲರೂ ಅಭಿನಂದಿಸಿದರು. ಅಭಿನಂದನೆ ಒಳ್ಳೆಯದೇ, ಆದರೆ ಹತ್ತು ತಿಂಗಳು ಅಂಗಳವಿಲ್ಲದ ತಂಡ ಅದು ಎಂಬುದನ್ನು ಎಷ್ಟು ಮಂದಿ ಬಲ್ಲರು? ಡೆಹರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗಾಗಿ ಪೂರ್ಣ ಅಳತೆಯ ಕೃತಕ ಅಂಗಳವೊಂದನ್ನು ಕಟ್ಟಲಾಯಿತು. ಕ್ರೀಡೆಗಳು ಮುಗಿದವು, ವಿದ್ಯುತ್ತಿನ ವೆಚ್ಚ ಭರಿಸುವವರಿಲ್ಲದೆ ಅದು ವರ್ಷಾನುಗಟ್ಟಲೆ ಮುಚ್ಚಿಬಿದ್ದಿತ್ತು. ಬಾಗಿಲು ಮತ್ತೆ ತೆರೆದುದು 2025ರಲ್ಲಿ. ಆ ನಡುವೆ ಲಡಾಖಿನಲ್ಲಿ ಎಷ್ಟು ಹುಡುಗಿಯರು ಬಾಲ್ಯ ಕಳೆದು ದೊಡ್ಡವರಾದರೋ!

ಇದಕ್ಕೆ ಒಂದು ಆಕ್ಷೇಪಣೆಯಿದೆ. ಹೆಚ್ಚು ಜನ ಆಡುವ, ಹೆಚ್ಚು ಜನ ನೋಡುವ ಆಟಕ್ಕೆ ಹೆಚ್ಚು ಹೊತ್ತು ಕೊಡುವುದು ನ್ಯಾಯವಲ್ಲವೆ? ಕಡಮೆ ಸಂಖ್ಯೆಯ ಹುಡುಗಿಯರಿಗೆ ಸಮಪಾಲು ಏಕೆ? ವ್ಯಾಪಾರದ ಮಾತಾದರೆ ಇದು ಸರಿ. ಊರಿನವರ ತೆರಿಗೆಯಿಂದ ಕಟ್ಟಿದ ಅಂಗಳಕ್ಕೆ ಈ ತರ್ಕ ಸಲ್ಲದು. ಹುಡುಗನ ತಂದೆ ಕೊಟ್ಟಷ್ಟೇ ತೆರಿಗೆಯನ್ನು ಹುಡುಗಿಯ ತಂದೆಯೂ ಕೊಟ್ಟಿದ್ದಾನೆ. ಅಲ್ಲದೆ ಸಂಖ್ಯೆ ಎಂಬುದು ಮಳೆಯಂತೆ ಆಕಾಶದಿಂದ ಬೀಳುವುದಿಲ್ಲ. ಹೊತ್ತು ಕೊಟ್ಟರೆ ಸಂಖ್ಯೆ ಬರುತ್ತದೆ. ಎಂಟು ಸಾವಿರ ಒಂದು ಲಕ್ಷವಾದುದು ಹಾಗೆ. ಹೊತ್ತು ಕೊಡುವ ಮೊದಲೇ ಸಂಖ್ಯೆಯನ್ನು ಕೇಳುವವನು, ಬೀಜ ಬಿತ್ತುವ ಮೊದಲು ತೆನೆ ತೋರಿಸೆಂದು ಕೇಳುವ ಜಮೀನುದಾರನಂತೆ.

2024ರ ಜನವರಿ 1ರಂದು ಉತ್ತರ ಅಮೆರಿಕದಲ್ಲಿ ಮಹಿಳೆಯರ ಹೊಸ ವೃತ್ತಿಪರ ಕೂಟವೊಂದು ಆರಂಭವಾಯಿತು. ಅದರ ಆಟಗಾರ್ತಿಯರು ಸಂಬಳ ಪಡೆಯುತ್ತಾರೆ. ಸಾವಿರಾರು ಜನ ಹಣ ತೆತ್ತು ಅವರ ಆಟ ನೋಡುತ್ತಾರೆ. ಇಸಬೆಲ್ ಸ್ಟ್ಯಾನ್ಲಿಯ ಕಾಲದಿಂದ ಇದು ಬಹುದೂರದ ಪಯಣ, ಸಂತೋಷದ ಮಾತು. ಆದರೂ ನನ್ನ ಮನಸ್ಸು ಹೆಚ್ಚಾಗಿ ಹೋಗುವುದು ಸಂಬಳವಿಲ್ಲದೆ ಆಡುವವರ ಕಡೆಗೆ. ಕೆನಡಾದ ಊರುಗಳಲ್ಲಿ ವಯಸ್ಕ ಮಹಿಳೆಯರ ಹವ್ಯಾಸಿ ತಂಡಗಳಿವೆ. ಹುಡುಗಿಯಾಗಿದ್ದಾಗ ಅಣ್ಣತಮ್ಮಂದಿರ ಸ್ಕೇಟುಗಳನ್ನು ನೋಡುತ್ತ ಬೆಂಚಿನ ಮೇಲೆ ಕುಳಿತಿದ್ದವರು, ಈಗ ನಲವತ್ತು ಐವತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಅವನ್ನು ಕಟ್ಟಿಕೊಂಡವರು ಅವರಲ್ಲಿದ್ದಾರೆ. ಅವರು ಯಾವ ಪದಕವನ್ನೂ ತರುವುದಿಲ್ಲ. ಅವರ ಪಂದ್ಯವನ್ನು ನೋಡಲು ಯಾರೂ ಬರುವುದಿಲ್ಲ. ಮಕ್ಕಳನ್ನು ಮಲಗಿಸಿ, ಭಾರವಾದ ಚೀಲವನ್ನು ಕಾರಿನಲ್ಲಿ ಹೇರಿಕೊಂಡು, ಹಿಮ ಸುರಿಯುವ ರಾತ್ರಿಯಲ್ಲಿ ಹತ್ತು ಗಂಟೆಗೆ ಅಂಗಳಕ್ಕೆ ಬರುತ್ತಾರೆ. ಇನ್ನೂ ಆ ಹೊತ್ತೇ ಅವರ ಪಾಲಿಗೆ ಉಳಿದಿರುವುದು. ಒಂದು ಗಂಟೆ ಆಡುತ್ತಾರೆ. ಬೀಳುತ್ತಾರೆ, ಏಳುತ್ತಾರೆ, ಒಬ್ಬರನ್ನೊಬ್ಬರು ಹಾಸ್ಯಮಾಡುತ್ತಾರೆ. ಕಾವಲಿನವನು ದೀಪ ಆರಿಸುವುದಕ್ಕೆ ಕಾದು ನಿಂತಿರುತ್ತಾನೆ. ಹನ್ನೊಂದೂವರೆಗೆ ಮನೆ ಸೇರಿ, ಬೆವರಿಗೆ ತೊಯ್ದ ಕವಚಗಳನ್ನು ಒಣಹಾಕಿ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ.